ಪೆನುಕೊಂಡ ಆರನೆಯದು: ಅಂಶಗಣಗಳ ಎಣಿಕೆ, ಜೋಡಣೆ ಮತ್ತು ಎರಡು ಭಾಷೆಯ ತರಗತಿ

(ಆನ್‌ಲೈನ್ ವಿಚಾರ ಸಂಕಿರಣವೊಂದರಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ.)

 

ನಾನು ಓದುತ್ತಿರುವುದು ಕನ್ನಡ ಎಂ.ಎ. ಇವತ್ತು ಮಾತಾಡಬೇಕೆಂದಿರುವುದು ಲೆಕ್ಕದ ಬಗ್ಗೆ. ಗಣಿತದಲ್ಲಿ ಕ್ರಮಯೋಜನೆ, ವಿಕಲ್ಪ ಅಂತ ಕರೆಯುವ ಎಣಿಕೆಯ ಶಾಸ್ತ್ರ, ಅದರೊಳಗಿನ 'ಬೈಜೆಕ್ಷನ್' ಎನ್ನುವ ಸಾಧನೆಯ ರೀತಿ, ಇವೆರಡನ್ನೂ ಪದವಿ ತರಗತಿಗೆ ಪರಿಚಯ ಮಾಡಿಸಲು ನಮ್ಮ ಛಂದಸ್ಸಿಗಿಂತ ಒಳ್ಳೆಯ ಬಾಗಿಲಿಲ್ಲ ಎನ್ನುವುದು ಒಂದು ಮಾತು. ಆ ಬಾಗಿಲಿನಿಂದ ಒಳಗೆ ಹೋದರೆ ಕನ್ನಡ-ತೆಲುಗು ದೇಸಿ ಛಂದಸ್ಸುಗಳ ಬಗ್ಗೆ ನಾವು ಅಭ್ಯಾಸಬಲದಿಂದ ಹೇಳಿಕೊಂಡು ಬಂದಿರುವ ಕೆಲವು ಮಾತುಗಳನ್ನು ಪರೀಕ್ಷಿಸಬೇಕಾಗುತ್ತದೆ ಎನ್ನುವುದು ಇನ್ನೊಂದು ಮಾತು. ನನ್ನ ವಿಮರ್ಶೆ ಇರುವುದು ಈ ಎರಡನೆಯದರಲ್ಲಿ.

ಉದಾಹರಣೆಗಳಿಗೆ ಹಿಂದೂಪುರ, ಕಲ್ಯಾಣದುರ್ಗದ ಸೀಮೆಯನ್ನು ತಗೊಂಡಿದ್ದೇನೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಒಡೆದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಎರಡೂ ಕರ್ನಾಟಕದ ಗಡಿಯ ಊರುಗಳೇ. ಒಂದಕ್ಕೆ ಗೌರಿಬಿದನೂರು ಹತ್ತಿರ, ಇನ್ನೊಂದಕ್ಕೆ ಪಾವಗಡ. ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಅಥವಾ ಅದರ ತಿರುಗುಮುರುಗು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇವತ್ತಿನ ಹೇಮಾವತಿ, ಇದೇ ಸೀಮೆಯಲ್ಲಿದೆ. ವೇಮನನ ಸಮಾಧಿ ಇರುವ ಕಟಾರುಪಲ್ಲಿ ಕದಿರಿಯ ಹತ್ತಿರ. ಇಲ್ಲಿನ ಹುಡುಗರ ಕಿವಿಗೆ ಸರ್ವಜ್ಞನ ತ್ರಿಪದಿಯೂ ಬೀಳುತ್ತದೆ, ವೇಮನನ ಆಟವೆಲದಿಯೂ ಬೀಳುತ್ತದೆ. ಆದರೆ ಒಂದನ್ನು ಕನ್ನಡ ಪೀರಿಯಡ್ಡಿನಲ್ಲಿ ಕಲಿಯುತ್ತಾರೆ, ಇನ್ನೊಂದನ್ನು ತೆಲುಗು ಪೀರಿಯಡ್ಡಿನಲ್ಲಿ. ನಡುವೆ ಗೋಡೆ.

1. ಎಲೆ ಮತ್ತು ಜನ

ಮೊದಲು ಬೈಜೆಕ್ಷನ್ ಅಂದರೇನು ಅಂತ ನೋಡೋಣ. ಮದುವೆ ಮನೆಯಲ್ಲಿ ಪಂಕ್ತಿ ಕೂತಿದೆ. ಜನ ಎಷ್ಟು ಅಂತ ಎಣಿಸಬೇಕಿಲ್ಲ. ಯಾವ ಎಲೆಯೂ ಖಾಲಿ ಇಲ್ಲ, ಒಂದು ಎಲೆಗೆ ಇಬ್ಬರು ಕೂತಿಲ್ಲ, ಯಾರೂ ನಿಂತಿಲ್ಲ ಅಂದರೆ ಎಲೆ ಎಷ್ಟೋ ಜನ ಅಷ್ಟೇ. ಸಂಖ್ಯೆ ಗೊತ್ತಿಲ್ಲದೆಯೇ ಸಮ ಅಂತ ಸಾಧಿಸಿದೆವು. ಇದೇ ಒಂದಕ್ಕೊಂದು ಜೋಡಣೆ, ಗಣಿತದವರ ಬೈಜೆಕ್ಷನ್.

ಇನ್ನೊಂದು ಉದಾಹರಣೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಹಲವು ವಸ್ತುಗಳಲ್ಲಿ ಕೆಲವನ್ನು ಆರಿಸುವ ಬಗೆಗಳು ಎಷ್ಟು ಎನ್ನುವುದಕ್ಕೆ ಸಾಮಾನ್ಯ ಸೂತ್ರವನ್ನು ಅದರಲ್ಲಿ ಕೊಟ್ಟಿದ್ದಾನೆ. ಅವನ ಉದಾಹರಣೆಗಳಲ್ಲಿ ಒಂದು ಆರು ರುಚಿಗಳದ್ದು. ನಮ್ಮ ಕಡೆಯ ಯುಗಾದಿಗೆ ಇದು ಸರಿಯಾಗಿ ಹೊಂದುತ್ತದೆ: ಕನ್ನಡದ ಮನೆಯಲ್ಲಿ ಬೇವು-ಬೆಲ್ಲ, ಎರಡು ರುಚಿ, ತೆಲುಗು ಮನೆಯ ಪಚ್ಚಡಿಯಲ್ಲಿ ಆರೂ ರುಚಿ. ಆರರಲ್ಲಿ ಎರಡನ್ನು ಆರಿಸುವ ಬಗೆ 15. ಆರರಲ್ಲಿ ನಾಲ್ಕನ್ನು ಆರಿಸುವ ಬಗೆಯೂ 15. ಸೂತ್ರದಲ್ಲಿ ಸಂಖ್ಯೆ ಹಾಕಿದರೆ ಎರಡಕ್ಕೂ 15 ಬರುತ್ತದೆ, ನಿಜ. ಆದರೆ ಯಾಕೆ ಒಂದೇ? ಎರಡನ್ನು ಆರಿಸಿದಾಗಲೆಲ್ಲ ನಾಲ್ಕನ್ನು ಬಿಟ್ಟಿರುತ್ತೇವೆ. ಪ್ರತಿ ಆಯ್ಕೆಗೂ ಅದು ಬಿಟ್ಟದ್ದನ್ನು ಜೋಡಿ ಮಾಡಿ. ಅಷ್ಟೇ. ಸೂತ್ರ ಉತ್ತರ ಕೊಟ್ಟಿತು, ಜೋಡಣೆ ಕಾರಣ ಕೊಟ್ಟಿತು.

ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮಹಾವೀರನ ಇದೇ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಅಂದರೆ ಎರಡು ಭಾಷೆಯ ನಡುವೆ ಲೆಕ್ಕ ಓಡಾಡಿದ್ದು ಇವತ್ತಿನ ಸಂಗತಿಯಲ್ಲ.

2. ನಷ್ಟ, ಉದ್ದಿಷ್ಟ

ಛಂದಸ್ಸಿಗೆ ಬರೋಣ. ಗುರುವಿಗೆ 'ಗ', ಲಘುವಿಗೆ 'ಲ' ಅಂತ ಬರೆಯುತ್ತೇನೆ. ದೀರ್ಘ, ಅನುಸ್ವಾರ-ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ಮಿಕ್ಕದ್ದು ಲಘು, ಒಂದು ಮಾತ್ರೆ.

ಮೂರು ಸ್ಥಾನಗಳಲ್ಲಿ ಗ ಅಥವಾ ಲ ತುಂಬಿದರೆ ಎಂಟು ಬಗೆ. ಇವನ್ನು ಒಂದೂ ತಪ್ಪದ ಹಾಗೆ, ಒಂದೂ ಎರಡು ಸಲ ಬಾರದ ಹಾಗೆ ಸಾಲಾಗಿ ಬರೆಯುವುದು ಪ್ರಸ್ತಾರ. ಪಿಂಗಳನಿಂದ ಬಂದ ಕ್ರಮದಲ್ಲಿ ಮೊದಲ ಸ್ಥಾನ ಸಾಲುಸಾಲಿಗೂ ಬದಲಾಗುತ್ತದೆ, ಎರಡನೆಯದು ಎರಡೆರಡು ಸಾಲಿಗೆ, ಮೂರನೆಯದು ನಾಲ್ಕು ಸಾಲಿಗೆ: ಗಗಗ, ಲಗಗ, ಗಲಗ, ಲಲಗ, ಗಗಲ, ಲಗಲ, ಗಲಲ, ಲಲಲ.

ಈಗ ಎರಡು ಪ್ರಶ್ನೆ. ಪಟ್ಟಿ ಅಳಿಸಿಹೋಗಿದೆ, ಆರನೆಯ ಸಾಲು ಯಾವುದು? ಇದು ನಷ್ಟ. ಸಂಖ್ಯೆ ಸಮವಾದರೆ ಲ ಬರೆದು ಅರ್ಧ ಮಾಡಿ. ಬೆಸವಾದರೆ ಗ ಬರೆದು, ಒಂದು ಕೂಡಿಸಿ ಅರ್ಧ ಮಾಡಿ. 6 ಸಮ: ಲ, ಉಳಿದದ್ದು 3. ಬೆಸ: ಗ, 3ಕ್ಕೆ 1 ಕೂಡಿಸಿ ಅರ್ಧ, 2. ಸಮ: ಲ. ಉತ್ತರ ಲಗಲ. ತಿರುಗಿ ಕೇಳಿ: ಲಗಲ ಎಷ್ಟನೆಯದು? ಇದು ಉದ್ದಿಷ್ಟ. ಸ್ಥಾನಗಳ ಮೇಲೆ 1, 2, 4 ಬರೆದು, ಲ ಇರುವ ಕಡೆಯದನ್ನು ಮಾತ್ರ ಕೂಡಿಸಿ, ಮೇಲೊಂದು ಸೇರಿಸಿ: 1 + 4 + 1 = 6.

ನಮ್ಮ ಗೈಡುಗಳಲ್ಲಿ ಷಟ್‌ಪ್ರತ್ಯಯ ಅಂತ ಆರು ಹೆಸರು ಸಿಗುತ್ತವೆ, ಹೆಸರಿನ ಮುಂದೆ ಒಂದೊಂದು ಸಾಲಿನ ಅರ್ಥ. ನಷ್ಟ, ಉದ್ದಿಷ್ಟ ಎರಡೂ ಒಂದೇ ಜೋಡಣೆಯ ಹೋಗುವ ದಾರಿ, ಬರುವ ದಾರಿ ಎನ್ನುವ ಮಾತು ಅಲ್ಲಿ ಇರುವುದಿಲ್ಲ. ಆದರೆ ತಿರುಳು ಅದೇ. ಪ್ರತಿ ಸಂಖ್ಯೆಗೂ ಒಂದೇ ವಿನ್ಯಾಸ, ಪ್ರತಿ ವಿನ್ಯಾಸಕ್ಕೂ ಒಂದೇ ಸಂಖ್ಯೆ ಅಂತ ಇವೆರಡೂ ಸೇರಿ ತೋರಿಸುತ್ತವೆ. 'ಎಂಟು ಬಗೆ' ಎನ್ನುವುದಕ್ಕೆ ಇದೇ ಸಾಧನೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ 'ಛಂದೋಂಬುಧಿ'ಯನ್ನು ತನ್ನ ಹೆಂಡತಿಗೆ ಹೇಳುವ ರೀತಿಯಲ್ಲಿ ಬರೆದ, ಈ ಪ್ರತ್ಯಯಗಳನ್ನೂ ಹೇಳಿದ. ಹೆಚ್ಚು ಕಡಿಮೆ ಅದೇ ಕಾಲದ ಜಯಕೀರ್ತಿ ಸಂಸ್ಕೃತದಲ್ಲಿ ಬರೆದ 'ಛಂದೋನುಶಾಸನ'ದಲ್ಲಿ ಕನ್ನಡದ ದೇಸಿ ಛಂದಸ್ಸು, ಪ್ರಸ್ತಾರದ ಲೆಕ್ಕ ಎರಡೂ ಒಂದೇ ಪುಸ್ತಕದೊಳಗಿವೆ. ಅವರಿಗೆ ಇವು ಬೇರೆ ಬೇರೆ ಪೀರಿಯಡ್ಡಿನ ವಿಷಯಗಳಾಗಿರಲಿಲ್ಲ.

3. ಅಂಶಗಣದ ನಿಯಮ

ಕನ್ನಡದ ದೇಸಿ ಛಂದಸ್ಸಿನಲ್ಲಿ ಬ್ರಹ್ಮ, ವಿಷ್ಣು, ರುದ್ರ ಅಂತ ಮೂರು ಗಣ. ಬ್ರಹ್ಮಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರಕ್ಕೆ ನಾಲ್ಕು. ಪ್ರತಿ ಅಂಶದಲ್ಲೂ ಎರಡೇ ಆಯ್ಕೆ. ಮೊದಲ ಅಂಶದಲ್ಲಿ ಒಂದು ಗುರು ಅಥವಾ ಎರಡು ಲಘು. ಮುಂದಿನ ಅಂಶಗಳಲ್ಲಿ ಒಂದು ಗುರು ಅಥವಾ ಒಂದೇ ಲಘು. ಹಾಗಾಗಿ ಬ್ರಹ್ಮ 4, ವಿಷ್ಣು 8, ರುದ್ರ 16.

ವಿಷ್ಣುಗಣದ ಪ್ರಸ್ತಾರ ಹೀಗಿದೆ. ಪಕ್ಕದಲ್ಲಿ ಮಾತ್ರೆ ಬರೆದಿದ್ದೇನೆ.

ಒಂದು: ಗ ಗ ಗ (6)
ಎರಡು: ಲಲ ಗ ಗ (6)
ಮೂರು: ಗ ಲ ಗ (5)
ನಾಲ್ಕು: ಲಲ ಲ ಗ (5)
ಐದು: ಗ ಗ ಲ (5)
ಆರು: ಲಲ ಗ ಲ (5)
ಏಳು: ಗ ಲ ಲ (4)
ಎಂಟು: ಲಲ ಲ ಲ (4)

ತರಗತಿಯಲ್ಲಿ ಇದಕ್ಕೆ ಊರಿನ ಹೆಸರುಗಳನ್ನು ಕೊಡಬಹುದು. 'ಪೆನುಕೊಂಡ' ಲಲ ಗ ಲ, ವಿಷ್ಣುಗಣದ ಆರನೆಯದು. 'ಲೇಪಾಕ್ಷಿ' ಗ ಗ ಲ, ಐದನೆಯದು. 'ಕಲ್ಯಾಣ'ವೂ ಐದನೆಯದೇ, ಅದರ ಜೊತೆ 'ದುರ್ಗ' ಸೇರಿದರೆ ಒಂದು ವಿಷ್ಣು, ಒಂದು ಬ್ರಹ್ಮ. 'ಹಿಂದೂಪುರ' ಗ ಗ ಲ ಲ, ರುದ್ರಗಣದ ಹದಿಮೂರನೆಯದು: 4 + 8 + 1. 'ಮಡಕಶಿರ' ಎಲ್ಲವೂ ಲಘು, ರುದ್ರದ ಕೊನೆಯದು, ಹದಿನಾರು. ನಿಮ್ಮ ಊರಿನ ನಂಬರ್ ಎಷ್ಟು ಅಂತ ಕೇಳಿದರೆ ಉದ್ದಿಷ್ಟ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈಗ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹಿಡಿದು ಬೀಸುಕಲ್ಲಿನ ಪದದವರೆಗೆ ಇರುವ ಛಂದಸ್ಸು. ಹನ್ನೊಂದು ಗಣ, ಆರನೆಯದು, ಹತ್ತನೆಯದು ಬ್ರಹ್ಮ, ಉಳಿದ ಒಂಬತ್ತು ವಿಷ್ಣು. ಒಟ್ಟು ಅಂಶ 9 × 3 + 2 × 2 = 31. ಪ್ರತಿ ಅಂಶಕ್ಕೆ ಎರಡು ಆಯ್ಕೆ, ಆದ್ದರಿಂದ 2ರ 31ನೇ ಘಾತ: 2,14,74,83,648. (ಪಾದದ ಕೊನೆಯ ಲಘುವನ್ನು ಗುರು ಅಂತ ಹಿಡಿಯುವ ಪದ್ಧತಿಯನ್ನು ಇಲ್ಲಿ ಲೆಕ್ಕಕ್ಕೆ ತಗೊಂಡಿಲ್ಲ.)

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಗುಣಾಕಾರ ಆಯ್ಕೆಗಳನ್ನು ಎಣಿಸಿತು. ಎರಡು ಬೇರೆ ಆಯ್ಕೆಗಳು ಕೊನೆಗೆ ಒಂದೇ ಗುರು-ಲಘು ಸಾಲನ್ನು ಕೊಟ್ಟುಬಿಟ್ಟರೆ? ಆಗ ಒಂದು ಎಲೆಗೆ ಇಬ್ಬರು ಕೂತ ಹಾಗೆ, ಸಂಖ್ಯೆ ಸುಳ್ಳಾಗುತ್ತದೆ. ಹಾಗಾಗುವುದಿಲ್ಲ ಅಂತ ತೋರಿಸಬೇಕು. ಸಾಲನ್ನು ಎಡದಿಂದ ಓದಿ. ಗಣದ ಮೊದಲಲ್ಲಿ ಗುರು ಕಂಡರೆ ಮೊದಲ ಅಂಶ ಅಲ್ಲಿಗೇ ಮುಗಿಯಿತು. ಲಘು ಕಂಡರೆ ಮುಂದಿನದೂ ಲಘುವೇ ಆಗಿರಬೇಕು, ಎರಡೂ ಸೇರಿ ಒಂದು ಅಂಶ. ಆಮೇಲಿನ ಒಂದೊಂದು ಅಂಶಕ್ಕೂ ಒಂದೊಂದೇ ಅಕ್ಷರ. ಎಲ್ಲಿಯೂ ಎರಡು ದಾರಿ ಕವಲೊಡೆಯುವುದಿಲ್ಲ. ಹಾಗಾಗಿ ಕೈಯಲ್ಲಿರುವ ತ್ರಿಪದಿಯಿಂದ ಅದರ 31 ಆಯ್ಕೆಗಳನ್ನು ತಪ್ಪದೆ ಹಿಂದಕ್ಕೆ ಪಡೆಯಬಹುದು. ಜೋಡಣೆ ಪೂರ್ತಿಯಾಯಿತು.

ಇದರಿಂದ ಸಾಹಿತ್ಯದ ವಿದ್ಯಾರ್ಥಿಗೆ ಸಿಗುವುದು ದೊಡ್ಡ ಸಂಖ್ಯೆ ಅಲ್ಲ. ಗಣದ ಆದಿಯಲ್ಲಿ 'ಲಗ' ಬರಬಾರದು ಎನ್ನುವ ನಿಯಮವನ್ನು ನಾವು ನಿಷೇಧ ಅಂತ ಕಲಿತಿದ್ದೇವೆ, ಕಾರಣ ಕೇಳಿಲ್ಲ. ಅದು ಮಾಡುವ ಕೆಲಸ ಏನು ಅಂತ ಈ ಸಾಧನೆಯಲ್ಲಿ ಕಾಣುತ್ತದೆ. ಗಣ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಕೇಳುವ ಕಿವಿಗೆ ಗೊಂದಲ ಆಗದ ಹಾಗೆ ಕಾಯುವ ನಿಯಮ ಅದು. ಅಕ್ಷರಸಂಖ್ಯೆ ಗಣದಿಂದ ಗಣಕ್ಕೆ ಬದಲಾಗುವ ಛಂದಸ್ಸಿಗೆ ಇಂಥ ಕಾವಲು ಬೇಕೇ ಬೇಕು.

4. ತೆಲುಗು ಬಿಟ್ಟ ಎರಡು

ತೆಲುಗಿನಲ್ಲಿ ಇವೇ ಜಾಗದಲ್ಲಿ ಸೂರ್ಯ, ಇಂದ್ರ, ಚಂದ್ರ ಗಣಗಳಿವೆ. ಸೂರ್ಯ 2, ಇಂದ್ರ 6, ಚಂದ್ರ 14. ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಹೇಳುವುದು ಇಷ್ಟು: ಬ್ರಹ್ಮವೇ ಸೂರ್ಯ, ವಿಷ್ಣುವೇ ಇಂದ್ರ, ರುದ್ರವೇ ಚಂದ್ರ, ತೆಲುಗಿನವರು ಎರಡೆರಡು ಕಡಿಮೆ ಮಾಡಿಕೊಂಡಿದ್ದಾರೆ. ಹೀಗೆ ಹೇಳಲು ಆಧಾರ ಇಲ್ಲದಿಲ್ಲ. ಪಂಪ ಬಳಸಿದ ಪಿರಿಯಕ್ಕರದ ಒಂದು ಪಾದದಲ್ಲಿ ಒಂದು ಬ್ರಹ್ಮ, ಐದು ವಿಷ್ಣು, ಒಂದು ರುದ್ರ. ತೆಲುಗಿನ ಮಹಾಕ್ಕರದಲ್ಲಿ ಒಂದು ಸೂರ್ಯ, ಐದು ಇಂದ್ರ, ಒಂದು ಚಂದ್ರ. ಚೌಕಟ್ಟು ಒಂದೇ.

ಆದರೆ ಯಾವ ಎರಡನ್ನು ಬಿಟ್ಟರು? ಇಂದ್ರಗಣಗಳ ಹೆಸರು ತೆಲುಗು ವಿದ್ಯಾರ್ಥಿಗಳಿಗೆ ಬಾಯಿಗೆ ಬರುತ್ತದೆ: ನಲ, ನಗ, ಸಲ, ಭ, ರ, ತ. ಬಿಡಿಸಿ ಬರೆಯಿರಿ: ಲಲಲಲ, ಲಲಲಗ, ಲಲಗಲ, ಗಲಲ, ಗಲಗ, ಗಗಲ. ಮೇಲಿನ ಪಟ್ಟಿಯ ಎಂಟು, ನಾಲ್ಕು, ಆರು, ಏಳು, ಮೂರು, ಐದು. ಇಲ್ಲದಿರುವುದು ಮೊದಲನೆಯದು ಮತ್ತು ಎರಡನೆಯದು. ಸೂರ್ಯಗಣ ಎರಡು: ಗಲ, ಲಲಲ. ಬ್ರಹ್ಮದ ಪ್ರಸ್ತಾರ ಗಗ, ಲಲಗ, ಗಲ, ಲಲಲ. ಇಲ್ಲೂ ಮೊದಲಿನ ಎರಡೇ ಇಲ್ಲ. ಚಂದ್ರದಲ್ಲೂ ಅಷ್ಟೇ. ತೆಲುಗಿನ ಪಟ್ಟಿ ಪ್ರಸ್ತಾರದ ಮೂರನೆಯ ಸಾಲಿನಿಂದ ಶುರುವಾಗುತ್ತದೆ.

ಮಾತ್ರೆ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಮೊದಲ ಅಂಶ ಗುರುವಾದರೂ ಎರಡು ಲಘುವಾದರೂ ಎರಡೇ ಮಾತ್ರೆ. ಮಾತ್ರೆ ಏರಿಳಿಯುವುದು ಮುಂದಿನ ಅಂಶಗಳಿಂದ ಮಾತ್ರ. ವಿಷ್ಣುವಿನಲ್ಲಿ ಆರು ಮಾತ್ರೆಯವು 2, ಐದರವು 4, ನಾಲ್ಕರವು 2. ಅಂದರೆ 1, 2, 1ರ ಎರಡರಷ್ಟು. ರುದ್ರದಲ್ಲಿ ಎಂಟು ಮಾತ್ರೆಯಿಂದ ಐದರವರೆಗೆ 2, 6, 6, 2; ಅಂದರೆ 1, 3, 3, 1ರ ಎರಡರಷ್ಟು. ಹತ್ತನೆಯ ಶತಮಾನದ ಹಲಾಯುಧ ಪಿಂಗಳನ ವ್ಯಾಖ್ಯಾನದಲ್ಲಿ ವಿವರಿಸಿದ ಮೇರುಪ್ರಸ್ತಾರದ ಸಾಲುಗಳು ಇವು. ತೆಲುಗು ಬಿಟ್ಟದ್ದು ಪ್ರತಿ ಗಣದಲ್ಲೂ ಅತಿ ಭಾರದ ಎರಡನ್ನು. ಮೊದಲ ಅಂಶ ಹೇಗೇ ಇರಲಿ, ಉಳಿದವೆಲ್ಲ ಗುರುವಾಗಬಾರದು ಎನ್ನುವುದೇ ಅವರ ನಿಯಮ.

ಹಾಗಾದರೆ 'ತೆಲುಗಿನವರು ಎರಡು ಕಡಿಮೆ ಮಾಡಿದರು' ಎನ್ನುವ ಮಾತು ಸುಳ್ಳಲ್ಲ, ಆದರೆ ಏನನ್ನೂ ವಿವರಿಸುವುದಿಲ್ಲ. 8ರಿಂದ 2 ಕಳೆದರೆ 6 ಎನ್ನುವುದು ಕಳೆಯುವ ಲೆಕ್ಕ. ಯಾವುದು ಹೋಯಿತು, ಉಳಿದದ್ದರ ಗುಣ ಏನು ಅಂತ ಕೇಳಿದಾಗ ಅದು ವಿಮರ್ಶೆ.

5. ಆರಕ್ಕೆ ಆರು

ಕನ್ನಡ ಅಂಶಗಣದಲ್ಲೇ ನಿಲ್ಲಲಿಲ್ಲ. ಷಟ್ಪದಿ, ರಗಳೆಗಳಲ್ಲಿ ಮಾತ್ರಾಗಣ ಬಂತು. ತ್ರಿಪದಿಯೂ ಬರಬರುತ್ತ ಮಾತ್ರೆಯ ಕಡೆ ವಾಲಿತು: ವಿಷ್ಣುವಿನ ಜಾಗದಲ್ಲಿ ಐದು ಮಾತ್ರೆ, ಬ್ರಹ್ಮದ ಜಾಗದಲ್ಲಿ ಮೂರು ಮಾತ್ರೆ.

ಐದು ಮಾತ್ರೆಯ ಗಣ ಎಷ್ಟು? ಕೊನೆಯ ಅಕ್ಷರ ಲಘುವಾದರೆ ಅದನ್ನು ತೆಗೆಯಿರಿ, ನಾಲ್ಕು ಮಾತ್ರೆಯ ಗಣ ಉಳಿಯುತ್ತದೆ. ಗುರುವಾದರೆ ತೆಗೆಯಿರಿ, ಮೂರು ಮಾತ್ರೆಯದು ಉಳಿಯುತ್ತದೆ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು: 1, 2, 3, 5, 8. ಪ್ರಾಕೃತದ 'ವೃತ್ತಜಾತಿಸಮುಚ್ಚಯ'ದಲ್ಲಿ ವಿರಹಾಂಕ ಹೇಳಿದ ನಿಯಮ ಇದು. ಇಟಲಿಯ ಫಿಬೊನಾಚಿಯ ಪುಸ್ತಕ 1202ರದ್ದು, ಅದಕ್ಕಿಂತ ಇದು ಹಳೆಯದು ಎನ್ನುವುದು ನಿಜ. ಆದರೆ ನಮ್ಮ ಭಾಷಣಗಳು 'ನಮ್ಮವರು ಮೊದಲೇ ಕಂಡುಹಿಡಿದಿದ್ದರು' ಎನ್ನುವಲ್ಲಿಗೆ ನಿಂತುಬಿಡುತ್ತವೆ. ಚಪ್ಪಾಳೆ ಆಗುತ್ತದೆ, ಯಾಕೆ ಕೂಡಬೇಕು ಎನ್ನುವ ಕಾರಣವನ್ನು ಯಾರೂ ಕೇಳುವುದಿಲ್ಲ. ವಿರಹಾಂಕನಿಗೆ ನಾವು ಮಾಡಬಹುದಾದ ಮರ್ಯಾದೆ ಆ ಕಾರಣವನ್ನು ತರಗತಿಯಲ್ಲಿ ಬಿಡಿಸಿ ಹೇಳುವುದು.

ಎಂಟರಲ್ಲಿ 'ಲಗ'ದಿಂದ ಶುರುವಾಗುವ ಎರಡನ್ನು (ಲಗಗ, ಲಗಲಲ) ನಿಯಮದಂತೆ ಬಿಡಿ. ಉಳಿದದ್ದು ಆರು: ಗಲಗ, ಲಲಲಗ, ಗಗಲ, ಲಲಗಲ, ಗಲಲಲ, ಲಲಲಲಲ.

ತೆಲುಗಿನ ಇಂದ್ರಗಣವೂ ಆರು. ಇಲ್ಲಿಯೇ ಎಚ್ಚರ ಬೇಕಾಗಿರುವುದು. ಆರಕ್ಕೆ ಆರು ಸರಿಹೋಯಿತು ಅಂತ 'ಎರಡೂ ಒಂದೇ' ಅಂದುಬಿಟ್ಟರೆ ಅದು ಸಂಖ್ಯೆಯ ಮೋಹ. ಋತುಗಳೂ ಆರು, ರುಚಿಗಳೂ ಆರು. ಆರು ವಸ್ತುಗಳನ್ನು ಇನ್ನಾರು ವಸ್ತುಗಳ ಜೊತೆ 720 ರೀತಿಯಲ್ಲಿ ಜೋಡಿಸಬಹುದು; ಅದರಲ್ಲಿ ಬಹುಪಾಲು ಜೋಡಣೆಗಳಿಗೆ ಅರ್ಥವೇ ಇಲ್ಲ. ಜೋಡಣೆಗೊಂದು ನಿಯಮ ಬೇಕು, ಆ ನಿಯಮಕ್ಕೆ ಛಂದಸ್ಸಿನಲ್ಲಿ ಒಂದು ಅರ್ಥ ಬೇಕು.

ನಿಯಮ ಇದೆ. ಇಂದ್ರಗಣಕ್ಕೆ ಐದು ಮಾತ್ರೆ ಇದ್ದರೆ ಹಾಗೇ ಬಿಡಿ. ನಾಲ್ಕೇ ಇದ್ದರೆ ಕೊನೆಗೆ ಒಂದು ಲಘು ಸೇರಿಸಿ. ಗಲಗ, ಲಲಲಗ, ಗಗಲ, ಲಲಗಲ ನಾಲ್ಕೂ ಎರಡೂ ಪಟ್ಟಿಯಲ್ಲಿ ಇದ್ದ ಹಾಗೇ ಇವೆ. ಗಲಲ ಹೋಗಿ ಗಲಲಲ ಆಯಿತು, ಲಲಲಲ ಹೋಗಿ ಲಲಲಲಲ ಆಯಿತು. ಎಲೆ ಖಾಲಿ ಉಳಿಯಲಿಲ್ಲ, ಯಾರೂ ನಿಲ್ಲಲಿಲ್ಲ. ಮೂರು ಮಾತ್ರೆಯಲ್ಲಿ ಇನ್ನೂ ಸುಲಭ: 'ಲಗ'ವನ್ನು ಬಿಟ್ಟರೆ ಉಳಿಯುವುದು ಗಲ, ಲಲಲ. ಸೂರ್ಯಗಣವೇ ಅದು, ಏನನ್ನೂ ಸೇರಿಸಬೇಕಾಗಿಲ್ಲ.

ಈ ಜೋಡಣೆಗೆ ಅರ್ಥವೂ ಇದೆ ಅಂತ ನನ್ನ ವಾದ. ಕೊನೆಗೆ ಸೇರಿಸಿದ ಆ ಒಂದು ಲಘು ಹಾಡುವವರು ದನಿ ಎಳೆದು ತುಂಬುವ ಒಂದು ಮಾತ್ರೆ. ನಾಲ್ಕನ್ನು ಎಳೆದು ಐದು ಮಾಡಬಹುದು. ಗಗಗ, ಲಲಗಗ ಆರು ಮಾತ್ರೆಯವು, ಎಳೆಯುವುದಲ್ಲ, ಒತ್ತಬೇಕಾಗುತ್ತದೆ. ಕನ್ನಡ ಅಂಶದಿಂದ ಮಾತ್ರೆಗೆ ಸರಿದಾಗ ಹೊರಗೆ ಉಳಿದದ್ದು ಈ ಎರಡೇ. ತೆಲುಗು ತನ್ನ ಪಟ್ಟಿಯಿಂದ ಕೈಬಿಟ್ಟದ್ದೂ ಈ ಎರಡನ್ನೇ. ಎರಡು ಭಾಷೆ ಎರಡು ದಾರಿಯಲ್ಲಿ ನಡೆದವು, ಭಾರ ಇಳಿಸಿದ್ದು ಮಾತ್ರ ಒಂದೇ ಕಡೆ. ಮಾತ್ರೆಯ ತ್ರಿಪದಿಯ ವಿನ್ಯಾಸಗಳು ಒಂಬತ್ತು ಸಲ ಆರು, ಎರಡು ಸಲ ಎರಡು ಗುಣಿಸಿದಷ್ಟು: 4,03,10,784. ಅಂಶಗಣದ 214 ಕೋಟಿಗೆ ಹೋಲಿಸಿದರೆ ಸುಮಾರು 53ರಲ್ಲಿ ಒಂದು ಪಾಲು. ವೇಮನನ ಆಟವೆಲದಿಯಲ್ಲಿ ಒಂದು, ಮೂರನೆಯ ಪಾದಕ್ಕೆ ಮೂರು ಸೂರ್ಯ, ಎರಡು ಇಂದ್ರ. ಎರಡು, ನಾಲ್ಕಕ್ಕೆ ಐದು ಸೂರ್ಯ. ಲೆಕ್ಕ ಹಾಕಿದರೆ 8,49,34,656. ಎರಡೂ ಕೆಲವೇ ಕೋಟಿಗಳಲ್ಲಿವೆ. ಆದರೆ ಈ ಹತ್ತಿರವನ್ನು ಸಾಕ್ಷಿ ಅಂತ ನಾನು ಹೇಳುವುದಿಲ್ಲ. ಸಾಕ್ಷಿ ಆಗಲೇ ಹೇಳಿದ ಜೋಡಣೆ.

6. ಎಲ್ಲಿ ಹೊಂದುವುದಿಲ್ಲ

ಇದೇ ನಿಯಮ ರುದ್ರ-ಚಂದ್ರಕ್ಕೂ ನಡೆಯುತ್ತದೆಯೇ? ಪರೀಕ್ಷೆ ಮಾಡೋಣ. ಚಂದ್ರಗಣ 14, ಮಾತ್ರೆ ಐದರಿಂದ ಏಳು. ಏಳು ಮಾತ್ರೆಯ ಗಣ ಒಟ್ಟು 21, 'ಲಗ'ದಿಂದ ಶುರುವಾಗುವ 5 ಬಿಟ್ಟರೆ 16. ಆರು ಮಾತ್ರೆಯವು 13, ಅದರಲ್ಲಿ 3 ಬಿಟ್ಟರೆ 10. ಹದಿನಾಲ್ಕು ಎರಡಕ್ಕೂ ಸರಿಹೋಗುವುದಿಲ್ಲ. ಸಂಖ್ಯೆ ಬೇರೆಯಾದ ಮೇಲೆ ಜೋಡಣೆ ಹುಡುಕುವ ಕೆಲಸವೇ ಇಲ್ಲ. ಸಂಖ್ಯೆ ಒಂದೇ ಆದರೆ ಜೋಡಣೆಗೆ ಅರ್ಥ ಇದೆಯೋ ಅಂತ ಹುಡುಕಬೇಕು, ಸಂಖ್ಯೆ ಬೇರೆಯಾದರೆ ಅಲ್ಲಿಗೆ ಮುಗಿಯಿತು. ವಿದ್ಯಾರ್ಥಿಗಳು ಎಣಿಕೆಯಿಂದ ಕಲಿಯಬೇಕಾದ ಶಿಸ್ತು ಇದು.

ಹಾಗಾಗಿ 'ಬ್ರಹ್ಮ-ಸೂರ್ಯ, ವಿಷ್ಣು-ಇಂದ್ರ, ರುದ್ರ-ಚಂದ್ರ' ಅಂತ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮ್ಮ ಪಾಠ ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತದೆ. ಅಕ್ಕರದ ಚೌಕಟ್ಟಿನಲ್ಲಿ ಮೂರೂ ಜೊತೆಯಾಗಿ ನಿಲ್ಲುತ್ತವೆ. ಹಾಡಿನ ಮಾತ್ರೆಯ ಕಡೆಯಿಂದ ನೋಡಿದರೆ ಮೊದಲಿನ ಎರಡು ಮಾತ್ರ ಹೊಂದುತ್ತವೆ. ತ್ರಿಪದಿ, ಆಟವೆಲದಿ ಎರಡರಲ್ಲೂ ಬಳಕೆಯಾಗುವುದು ಆ ಮೊದಲಿನ ಎರಡು ಜಾತಿಗಳೇ ಎನ್ನುವುದು ಗಮನಿಸಬೇಕಾದ ಮಾತು.

ಇನ್ನೊಂದು ಮಿತಿ. ಈ ಜೋಡಣೆಯಿಂದ ಯಾರು ಯಾರಿಂದ ತಗೊಂಡರು ಅಂತ ತೀರ್ಮಾನ ಆಗುವುದಿಲ್ಲ. ಜೋಡಣೆಗೆ ಹೋಗುವ ದಾರಿ, ಬರುವ ದಾರಿ ಎರಡೂ ಸಮ. ಗಡಿಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಕೆಯಾಗಿ ರಾಯದುರ್ಗ ಆಂಧ್ರಕ್ಕೆ ಹೋಯಿತು. ಆಗಿನಿಂದ ಈ ಕಡೆಯ ಭಾಷೆಯ ಚರ್ಚೆಗಳೆಲ್ಲ 'ಯಾರದು ಮೊದಲು, ಯಾರದು ಹೆಚ್ಚು' ಎನ್ನುವ ಕಡೆಗೇ ಜಾರುತ್ತವೆ. ಛಂದಸ್ಸಿನ ಹೋಲಿಕೆಯೂ ಹಾಗೇ ಜಾರಬಾರದು.

7. ತರಗತಿಯಲ್ಲಿ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಎರಡು ಭಾಷೆಯ ವಿದ್ಯಾರ್ಥಿಯನ್ನು ನಾವು ಸಾಮಾನ್ಯವಾಗಿ ಕೊರತೆಯ ಭಾಷೆಯಲ್ಲಿ ಮಾತಾಡಿಸುತ್ತೇವೆ: ಕನ್ನಡವೂ ಪೂರ್ತಿ ಬರಲ್ಲ, ತೆಲುಗೂ ಪೂರ್ತಿ ಬರಲ್ಲ. ಆದರೆ ಈ ಪಾಠದಲ್ಲಿ ಮುಂದೆ ಕೂರುವವರು ಅವರೇ. ನಲ-ನಗ-ಸಲ ಒಂದು ಕಿವಿಯಲ್ಲಿ, ವಿಷ್ಣುಗಣ ಇನ್ನೊಂದು ಕಿವಿಯಲ್ಲಿ ಇದ್ದವರಿಗೆ ಜೋಡಣೆ ಕಣ್ಣೆದುರಿಗೇ ಇದೆ. ಒಂದೇ ಭಾಷೆಯವರಿಗೆ ನಾವು ಪಟ್ಟಿ ಕೊಡಬೇಕಾಗುತ್ತದೆ.

ಹಾಗಾಗಿ ಮೂರು ಸಲಹೆ. ಪ್ರಸ್ತಾರವನ್ನು 'ಪರೀಕ್ಷೆಗೆ ಬರಲ್ಲ' ಅಂತ ಬಿಡಬೇಡಿ. ಗಣಗಳ ಸಂಖ್ಯೆ ಹೇಳಿದಾಗಲೆಲ್ಲ ಒಂದೂ ಬಿಟ್ಟಿಲ್ಲ, ಒಂದೂ ಎರಡು ಸಲ ಬಂದಿಲ್ಲ ಎನ್ನುವುದಕ್ಕೆ ಕಾರಣ ಕೇಳಿ. ಎರಡು ಭಾಷೆಯ ಛಂದಸ್ಸನ್ನು ಹೋಲಿಸುವಾಗ 'ಸಮಾನ' ಎನ್ನುವ ಪದ ಬರೆಯುವ ಮೊದಲು ಯಾವ ನಿಯಮದಿಂದ ಸಮಾನ ಅಂತ ಒಂದು ಸಾಲು ಬರೆಸಿ. ಇಷ್ಟು ಮಾಡಿದರೆ ಕನ್ನಡದ ವಿದ್ಯಾರ್ಥಿಗೆ ಗಣಿತದ ಒಂದು ದೊಡ್ಡ ಉಪಾಯ ಕೈಗೆ ಬರುತ್ತದೆ, ಗಣಿತದ ವಿದ್ಯಾರ್ಥಿಗೆ ತ್ರಿಪದಿ ಕಿವಿಗೆ ಬೀಳುತ್ತದೆ.

ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾವು ಲೆಕ್ಕ ಬೇಡ ಅಂತಾನೇ ಕನ್ನಡ ತಗೊಂಡವರು. ಇದು ಹೊರೆ ಆಗಲ್ವಾ?

ಉತ್ತರ: ಇದರಲ್ಲಿ ಅರ್ಧ ಮಾಡುವುದು, ಕೂಡುವುದು, ಗುಣಿಸುವುದು ಬಿಟ್ಟರೆ ಬೇರೆ ಲೆಕ್ಕ ಇಲ್ಲಪ್ಪ. ಭಯ ಇರುವುದು ಸೂತ್ರದ್ದು. ಉದ್ದಿಷ್ಟದ ವಿಧಾನವನ್ನು ಒಂದು ಸಲ ನಿನ್ನ ಹೆಸರಿಗೆ ಮಾಡಿ ನೋಡು.

ಪ್ರಶ್ನೆ: ಬೀಸುವ ಪದ ಕಟ್ಟಿದ ಹೆಣ್ಣುಮಕ್ಕಳು ಇದನ್ನೆಲ್ಲ ಎಣಿಸಿದ್ದರೇ? ಅವರ ಮೇಲೆ ನಮ್ಮ ಲೆಕ್ಕ ಹೇರಿದಂತಾಗುವುದಿಲ್ಲವೇ?

ಉತ್ತರ: ಎಣಿಸಿರಲಿಲ್ಲ ಸರ್, ಎಣಿಸುವ ಅಗತ್ಯವೂ ಅವರಿಗಿರಲಿಲ್ಲ. ಗಣ ಎಲ್ಲಿ ಮುಗಿಯಿತು ಅಂತ ಅವರ ಕಿವಿಗೆ ಗೊತ್ತಿತ್ತು. ಕಲ್ಲಿನ ಸುತ್ತಿಗೆ ಕಡಿಮೆ ಬಿದ್ದ ಮಾತ್ರೆಯನ್ನು ದನಿಯಲ್ಲಿ ತುಂಬುತ್ತಿದ್ದರು. ನಾನು ಮಾಡಿದ್ದು ಆ ಕಿವಿ ಏನು ಮಾಡುತ್ತಿತ್ತು ಅಂತ ಬರೆದಿಟ್ಟದ್ದು. 40 ಲಕ್ಷವೋ 4 ಕೋಟಿಯೋ, ಸಂಖ್ಯೆ ಅವರದ್ದಲ್ಲ, ನಮ್ಮದು. ಆರು ಮಾತ್ರೆಯ ಎರಡು ಗಣಗಳನ್ನು ಬದಿಗಿಟ್ಟ ತೀರ್ಮಾನ ಮಾತ್ರ ಅವರದ್ದು ಅಂತ ನನ್ನ ಅನಿಸಿಕೆ.